ಉಪವಾಸವೂ ಜೀವಕೋಶದ ಒಳಪೊರೆಯೂ

ವಿಶ್ವೇಶ್ವರಯ್ಯ ನಾಲೆಯ ನೀರುಂಡು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಲ್ಲಿ ಕಬ್ಬು ಬೆಳೆಯುತ್ತದೆ. ಮೈಸೂರು ಸಕ್ಕರೆ ಕಂಪೆನಿಯು 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಬಳಿಕ ಉಳಿಯುವ ಕಾಕಂಬಿಯನ್ನು ಹುದುಗಿಸುವ ಏಕಕೋಶ ಜೀವಿಯೇ ಯೀಸ್ಟ್. ಮಾನವನ ಜೀವಕೋಶದಂತೆ ಇದರಲ್ಲಿಯೂ ಒಳಪೊರೆಗಳಿವೆ. ಅವುಗಳಲ್ಲಿ ನಾಟಿಕೊಂಡಿರುವ ಪ್ರೋಟೀನುಗಳು ಕೆಟ್ಟರೆ ಕೋಶವು ಅವನ್ನು ವಿಸರ್ಜಿಸುವ ಬಗೆಯ ಬಹುಭಾಗವು ಈ ಅಲ್ಪಜೀವಿಯ ಅಧ್ಯಯನದಿಂದಲೇ ತಿಳಿದುಬಂದಿದೆ.

ಪೊರೆಯು ಕೊಬ್ಬಿನಿಂದಾದುದು. ಪ್ರೋಟೀನನ್ನು ತುಂಡರಿಸುವ ಪ್ರೋಟಿಯಸೋಮ್ ಎಂಬ ಪೀಪಾಯಿಯಾಕಾರದ ಯಂತ್ರವಾದರೋ ಕೋಶದ ನೀರಿನ ಭಾಗದಲ್ಲಿದೆ. ಅದರ ಬಾಯಿ ಬಲು ಕಿರಿದು. ಆದುದರಿಂದ ನಾಟಿಕೊಂಡ ಪ್ರೋಟೀನನ್ನು ಮೊದಲು ಕೀಳಬೇಕು. ಈ ಕಾರ್ಯಕ್ಕೆ ನಾಲ್ಕು ಹಂತಗಳುಂಟು. ಪೊರೆಯಲ್ಲಿಯೇ ಇರುವ ಕಾವಲು ಪ್ರೋಟೀನುಗಳು ದೋಷವನ್ನು ಗುರುತಿಸುತ್ತವೆ. ಬಳಿಕ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನನ್ನು ಅದಕ್ಕೆ ಮುದ್ರೆಯಂತೆ ಅಂಟಿಸಲಾಗುತ್ತದೆ. ಮೂರನೆಯದಾಗಿ, ಶಕ್ತಿಯನ್ನು ವ್ಯಯಿಸುವ ಮತ್ತೊಂದು ಯಂತ್ರವು ಅದನ್ನು ಪೊರೆಯಿಂದ ಎಳೆದು ತೆಗೆಯುತ್ತದೆ. ಕೊನೆಗೆ ಪ್ರೋಟಿಯಸೋಮ್ ಅದನ್ನು ಕತ್ತರಿಸುತ್ತದೆ. ಹೀಗೆ ದೊರೆತ ಅಮೈನೋ ಆಮ್ಲಗಳು ಹೊಸ ಪ್ರೋಟೀನಿಗೆ ಒದಗುತ್ತವೆ. ಯುಬಿಕ್ವಿಟಿನ್ ಮುದ್ರೆಯ ಶೋಧಕ್ಕಾಗಿ ಸಿಚನೋವರ್, ಹರ್ಷ್ಕೊ, ರೋಸ್ ಎಂಬ ಮೂವರಿಗೆ 2004ರ ನೊಬೆಲ್ ಪಾರಿತೋಷಕ ಸಂದಿತು.

ಇಲ್ಲಿ ವಿವೇಚನೆ ಅಗತ್ಯ. ಈ ಮಾರ್ಗವು ಉಪವಾಸವನ್ನು ಕಾಯುವುದಿಲ್ಲ. ಉಂಡ ದಿನವೂ ನಡೆಯುತ್ತದೆ. ಹಸಿವಿನಿಂದ ಪ್ರಬಲವಾಗುವ ಮಾರ್ಗ ಬೇರೆ. ಅದರ ಹೆಸರು ಆಟೋಫೇಜಿ. ಇದರಲ್ಲಿ ಪ್ರೋಟೀನನ್ನು ಒಂದೊಂದಾಗಿ ಕೀಳದೆ, ಪೊರೆಯ ತುಣುಕನ್ನೇ ಚೀಲದಲ್ಲಿ ಸುತ್ತಿ ಜೀರ್ಣಕೋಶಿಕೆಗೆ ಒಯ್ಯಲಾಗುತ್ತದೆ. ಪೋಷಣೆ ತಪ್ಪಿಸಿದ ಯೀಸ್ಟಿನಲ್ಲಿ ಇದನ್ನು ಕಂಡ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹಾಗೆಂದು ಉಪವಾಸದಿಂದ ಕೆಟ್ಟ ಪ್ರೋಟೀನು ಮಾತ್ರವೇ ಕರಗುತ್ತದೆಂದು ತಿಳಿಯಲಾಗದು. ದೀರ್ಘ ಉಪವಾಸದಲ್ಲಿ ಸ್ನಾಯುಗಳ ಒಳ್ಳೆಯ ಪ್ರೋಟೀನೂ ಕರಗುತ್ತದೆ. ವಿಸರ್ಜನೆಯು ಅತಿಯಾದರೂ ಕೇಡೇ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದ ಬಹುತೇಕ ರೋಗಿಗಳಲ್ಲಿ, ಸ್ವಲ್ಪವಾದರೂ ಕೆಲಸ ಮಾಡಬಲ್ಲ ಪ್ರೋಟೀನೊಂದನ್ನು ಕೋಶವು ದೋಷಯುಕ್ತವೆಂದು ಒಳಪೊರೆಯಲ್ಲಿಯೇ ತಡೆದು ನಾಶಗೊಳಿಸುತ್ತದೆ. ಶ್ವಾಸಕೋಶವು ಅದರಿಂದ ಬಳಲುತ್ತದೆ.

ವ್ರತದ ಬೆಲೆಯು ಪ್ರಯೋಗಶಾಲೆಯ ಸಾಕ್ಷ್ಯವನ್ನು ಅವಲಂಬಿಸಿಲ್ಲ. ಆದರೆ ಅದನ್ನು ರೋಗಕ್ಕೆ ಔಷಧವೆಂದು ಹೇಳುವುದು ಸತ್ಯಕ್ಕೆ ದೂರ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಉಪವಾಸ ಕೈಗೊಳ್ಳತಕ್ಕದ್ದು. ಅರಿತು ಬಿಡುವುದೇ ತ್ಯಾಗ.