ಅಜ್ಜಿಯ ಹಲ್ಲಿಗೆ ಕಾರ್ಡು ನಡೆಯುತ್ತದೆಯೇ?



ಕಳಸ ಕಡೆಯ ಒಂದು ಸಂಘದಲ್ಲಿ ಸದಸ್ಯೆಯೊಬ್ಬರು ಅತ್ತೆಯ ಹಲ್ಲುಸೆಟ್ಟಿಗೆಂದು ಸಾಲ ಕೇಳಿದರು. "ಆಯುಷ್ಮಾನ್ ಕಾರ್ಡಿದೆಯಲ್ಲಾ, ಸಾಲ ಯಾಕೆ ಸಿಸ್ಟರ್?" ಅಂತ ಉಳಿದವರು ನನ್ನನ್ನೇ ಕೇಳಿದರು.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇರುವುದು ನಿಜ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ. ಹುಳುಕು ತುಂಬಿಸುವುದು, ಬೇರಿನ ಚಿಕಿತ್ಸೆ, ಹಲ್ಲುಸೆಟ್ಟು ಇದರಲ್ಲಿ ಬರುವುದಿಲ್ಲ. ದವಡೆ ಮುರಿದರೆ, ಬಾಯಿ ಕ್ಯಾನ್ಸರಾದರೆ ಬರುತ್ತದೆ. ನನಗೇನೋ ಇದು ಸರಿ ಕಾಣುವುದಿಲ್ಲ. ಅಗಿಯಲಾಗದ ಅಜ್ಜಿ ಬರೀ ಗಂಜಿ ಕುಡಿದು ಸೊರಗುತ್ತಾಳೆ, ಅದು ಕಾಯಿಲೆ ಅಲ್ವಾ?

ಸೆಟ್ಟಿಗೆ ಬೇರೆ ದಾರಿ ಇದೆ. ರಾಜ್ಯ ಸರ್ಕಾರ 2014-15ರಲ್ಲಿ ದಂತಭಾಗ್ಯ ಯೋಜನೆ ಆರಂಭಿಸಿತು. ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಉಚಿತವಾಗಿ ಸೆಟ್ಟು ಕೊಡಿಸುವುದು ಅದರ ಉದ್ದೇಶ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರನ್ನು ವಿಚಾರಿಸಿ. ಅಳತೆ, ಜೋಡಣೆ ಅಂತ ನಾಲ್ಕೈದು ಸಲ ಓಡಾಟ ಇದ್ದೇ ಇದೆ. ಬಸ್ ಖರ್ಚು, ಜೊತೆಗೆ ಹೋಗುವವರ ತೋಟದ ಕೂಲಿ ತಪ್ಪುವುದು, ಸಂಘದ ಸಾಲ ಬೇಕಾದದ್ದು ಇದಕ್ಕೆ.

ಇನ್ನೊಂದು ಮಾತು. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವ ಹಿರಿಯರ ಬಾಯಿಯನ್ನು ಬೆಳಕಿನಲ್ಲಿ ನೋಡಿ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಸೆಟ್ಟಿನ ಮಾತು ಆಮೇಲೆ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕ್ಯಾನ್ಸರ್ ಅಂತಾದರೆ ಅಲ್ಲಿಂದ ರೆಫರ್ ಚೀಟಿ ಪಡೆಯಿರಿ, ಆಗ ಕಾರ್ಡು ನಡೆಯುತ್ತದೆ.