ವಿಮಾನ ಶಾಲೆಗೆ ಹಣ ಕಟ್ಟುವ ಮುನ್ನ ಹ್ಯಾಂಗರನ್ನು ನೋಡಿರಿ

ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ವಿಮಾನಗಳು ಬಂದು ಹೋಗತೊಡಗಿದಂದಿನಿಂದ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಪೈಲಟ್ ಆಗಬೇಕೆನ್ನುವ ಮಕ್ಕಳನ್ನೂ, ಅವರ ಆಸೆಗಾಗಿ ಕಾಲುವೆಯ ಕೆಳಗಣ ಗದ್ದೆಯನ್ನು ಒತ್ತೆಯಿಡಲು ಹಿಂಜರಿಯದ ತಂದೆತಾಯಿಗಳನ್ನೂ ನಾನು ಕಾಣುತ್ತಿದ್ದೇನೆ. ಮಲಪನಗುಡಿಯ ನಮ್ಮ ಮನೆಯ ಜಗಲಿಗೆ ಬಣ್ಣದ ಕರಪತ್ರ ಹಿಡಿದು ಬರುವ ಇಂಥವರಲ್ಲಿ ಹೆಚ್ಚಿನವರು ಬರುವುದು ಹಣ ಕಟ್ಟಿದ ತರುವಾಯ. ಆದಕಾರಣ, ಮೊದಲೇ ಬಂದಿದ್ದರೆ ಹೇಳಬಹುದಾಗಿದ್ದುದನ್ನು ಇಲ್ಲಿ ಬರೆದಿಡುತ್ತೇನೆ.

ಅರ್ಹತೆಯ ವಿಷಯ ಸರಳವಾದುದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳು ಇರಬೇಕು; ವಾಣಿಜ್ಯ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಕಲೆ, ವಾಣಿಜ್ಯ ಓದಿದವರು ಆ ಎರಡು ವಿಷಯಗಳನ್ನು ಮುಕ್ತ ಶಾಲೆಯ ಮೂಲಕ ಬರೆದು ತೇರ್ಗಡೆಯಾಗಬಹುದು.

ಮೊದಲ ಹೆಜ್ಜೆ ಶಾಲೆಯತ್ತ ಅಲ್ಲ, ವೈದ್ಯರತ್ತ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಎಲ್ಲರೂ ಡಿಜಿಸಿಎ ಎನ್ನುವ ಇಲಾಖೆ, ಮಾನ್ಯಮಾಡಿದ ವೈದ್ಯರಲ್ಲಿ ಎರಡನೆಯ ದರ್ಜೆಯ ಪರೀಕ್ಷೆಯನ್ನೂ, ಆ ಬಳಿಕ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಂಥ ಕೇಂದ್ರದಲ್ಲಿ ಮೊದಲನೆಯ ದರ್ಜೆಯ ಪರೀಕ್ಷೆಯನ್ನೂ ಮುಗಿಸದೆ ಯಾವ ಶಾಲೆಗೂ ಒಂದು ಕಾಸನ್ನೂ ಕೊಡತಕ್ಕದ್ದಲ್ಲ. ವರ್ಣಾಂಧತೆಯಂಥ ದೋಷವನ್ನು ಮನೆಯವರಾರೂ ಹುಡುಗನ ಹದಿನೆಂಟನೆಯ ವರ್ಷದವರೆಗೆ ಗಮನಿಸದೇ ಇರಬಹುದು.

ಎರಡನೆಯದಾಗಿ, ಪಾಠ ಹೇಳುವ ಕೋಚಿಂಗ್ ಕೇಂದ್ರವೇ ಬೇರೆ, ಹಾರಾಟ ಕಲಿಸುವ ಮಾನ್ಯತೆಯುಳ್ಳ ಸಂಸ್ಥೆಯೇ ಬೇರೆ. ಗೋಡೆಯ ಮೇಲೆ ವಿಮಾನದ ಚಿತ್ರವಿದ್ದ ಮಾತ್ರಕ್ಕೆ ಅಂಗಳದಲ್ಲಿ ವಿಮಾನವಿರಬೇಕೆಂದಿಲ್ಲ. ಡಿಜಿಸಿಎ ಪ್ರಕಟಿಸುವ ಮಾನ್ಯ ಶಾಲೆಗಳ ಪಟ್ಟಿಯನ್ನೂ, 2025ರಿಂದ ಅದು ಹೊರಡಿಸುತ್ತಿರುವ ಶ್ರೇಣಿಯನ್ನೂ ನೀವೇ ತೆರೆದು ನೋಡಿರಿ. ಏಜೆಂಟನು ತೋರಿಸಿದ ಪ್ರತಿಯನ್ನು ನಂಬಬೇಡಿರಿ.

ಇನ್ನು ನಾನು ಎಲ್ಲರಿಗೂ ಬೇಸರವಾಗುವಷ್ಟು ಹೇಳುವ ಮಾತಿಗೆ ಬರುತ್ತೇನೆ. ಲೈಸೆನ್ಸಿಗೆ ಬೇಕಾದುದು 200 ಗಂಟೆಗಳ ಹಾರಾಟ: ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತ ಚಾಲಕನಾಗಿ, ಆ ನೂರರಲ್ಲಿ 20 ಗಂಟೆ ಊರಿಂದೂರಿಗೆ, 300 ನಾಟಿಕಲ್ ಮೈಲಿಯ ಒಂದು ದೀರ್ಘಯಾನವೂ ಸೇರಿ, ಉಪಕರಣಗಳನ್ನೇ ನೋಡಿ ನಡೆಸುವುದು 10 ಗಂಟೆ, ರಾತ್ರಿಯ ಹಾರಾಟ 5 ಗಂಟೆ. ತಿಂಗಳಿಗೆ 15 ಗಂಟೆ ದೊರೆತರೆ ಹದಿನಾಲ್ಕು ತಿಂಗಳಲ್ಲಿ ಮುಗಿಯುವ ಈ ಲೆಕ್ಕ, 6 ಗಂಟೆಯಂತೆ ದೊರೆತರೆ ಮೂವತ್ತನಾಲ್ಕು ತಿಂಗಳಿಗೆ ಹೋಗುತ್ತದೆ. ಹಾಸ್ಟೆಲಿನ ಬಾಡಿಗೆಯೂ ಸಾಲದ ಬಡ್ಡಿಯೂ ಅದರೊಡನೆ ಬೆಳೆಯುತ್ತವೆ. ಹೀಗಿರುವಾಗ ಶಾಲೆಯನ್ನು ಕೇಳಬೇಕಾದ ಪ್ರಶ್ನೆ ‘ನಿಮ್ಮಲ್ಲಿ ಎಷ್ಟು ವಿಮಾನಗಳಿವೆ’ ಎಂಬುದಲ್ಲ, ‘ಈ ಹೊತ್ತು ಎಷ್ಟು ಹಾರಿದುವು’ ಎಂಬುದು.

ತಮ್ಮನ ಮಗನಿಗಾಗಿ ನಾನೊಂದು ಶಾಲೆಗೆ ಹೋಗಿದ್ದೆ. ಕರಪತ್ರದಲ್ಲಿ ಎಂಟು ವಿಮಾನಗಳಿದ್ದುವು. ಬೆಳಗಿನ ಆರೂವರೆಗೆ ಬೇಲಿಯ ಮಗ್ಗುಲಲ್ಲಿ ನಿಂತು ಎಣಿಸಿದರೆ, ಒಂದಕ್ಕೆ ಮೂಗಿನ ಪಂಖವೇ ಇರಲಿಲ್ಲ. ಎಂಜಿನ್ ಮುಚ್ಚಳ ತೆಗೆದಿಟ್ಟ ಇನ್ನೊಂದರ ರೆಕ್ಕೆಯ ಮೇಲೆ ಪಾರಿವಾಳದ ಹಿಕ್ಕೆ ಸುಣ್ಣದಂತೆ ಒಣಗಿತ್ತು. ಮೂರನೆಯದರ ಟೈರು ನೆಲಕ್ಕೆ ಅಂಟಿತ್ತು. ಹತ್ತು ಗಂಟೆಯವರೆಗೆ ಹಾರಿದ್ದು ಎರಡು. ಚಹದ ಅಂಗಡಿಯಲ್ಲಿ ಸಿಕ್ಕ ವಿದ್ಯಾರ್ಥಿಯೊಬ್ಬನನ್ನು ವಿಚಾರಿಸಲು, “ಸರ್, ಈ ತಿಂಗಳು ನನಗೆ ಬಂದಿದ್ದು ನಾಲ್ಕೇ ತಾಸು” ಎಂದು ಲಾಗ್‌ಬುಕ್ಕನ್ನೇ ಮುಂದಿಟ್ಟ. “ದೊಡ್ಡಪ್ಪಾ, ಹೋಗೋಣ ನಡೀ” ಎಂದ ತಮ್ಮನ ಮಗ. ಸ್ವಾಗತದ ಕೋಣೆಯೊಳಗೆ ನಾವು ಕಾಲಿಡಲೇ ಇಲ್ಲ.

ನೀವೂ ಹೀಗೆಯೇ ಎರಡು ದಿನ ಅಲ್ಲಿದ್ದು ನೋಡತಕ್ಕದ್ದು. ಕಳೆದ ಮೂರು ತಿಂಗಳ ಹಾರಾಟದ ರೋಸ್ಟರನ್ನೂ, ಬೋಧಕರ, ವಿದ್ಯಾರ್ಥಿಗಳ ಸಂಖ್ಯೆಯನ್ನೂ ಕೇಳಿರಿ. ತೋರಿಸಲು ಒಪ್ಪದಿದ್ದರೆ ಅದೇ ಉತ್ತರ.

ಆಕಾಶವನ್ನೂ ವಿಚಾರಿಸಬೇಕು. 1949ರಿಂದ ಇರುವ ಜಕ್ಕೂರಿನ ಸರ್ಕಾರಿ ಶಾಲೆ ನಮಗೆ ಅಭಿಮಾನದ ವಿಷಯವೇ. ಆದರೆ ಅದರ ನೆರೆಯಲ್ಲಿ ಯಲಹಂಕದ ವಾಯುನೆಲೆ ಇರುವುದರಿಂದ ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ಅಲ್ಲಿಯ ಆಕಾಶ ಮುಕ್ತವಾಗಿರುವುದಿಲ್ಲ. ಬೆಳಗಾವಿಯಲ್ಲಿ ಶಾಲೆಗಳುಂಟು, ಮುಂಗಾರಿನ ಮೋಡಗಳೂ ಉಂಟು. 2019ರಲ್ಲಿ ತೆರೆದ ಕಲಬುರಗಿ ನಿಲ್ದಾಣದ ಸುತ್ತ ಬಯಲು, ಮಳೆ ಕಡಿಮೆ. ಬಿಸಿಲನ್ನು ಸಹಿಸುವವನಿಗೆ ಅದು ನನ್ನ ಮಟ್ಟಿಗೆ ಅನುಕೂಲವಾದ ಸ್ಥಳ. ರಾಯ್‌ಬರೇಲಿಯ ಬಳಿ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಗೆ ಪ್ರವೇಶಪರೀಕ್ಷೆಯುಂಟು. ಅದನ್ನು ಬರೆದು ನೋಡುವುದರಿಂದ ನಷ್ಟವೇನಿಲ್ಲ.

ಹಣವನ್ನು ಒಂದೇ ಕಂತಿನಲ್ಲಿ ಕೊಡಬೇಡಿರಿ. ಹಾರಿದ ಗಂಟೆಗೆ ತಕ್ಕಂತೆ ಕಂತು, ನಡುವೆ ಬಿಟ್ಟರೆ ಮರುಪಾವತಿ, ಇಂಧನದ ಬೆಲೆ ಏರಿದರೆ ಹೆಚ್ಚುವರಿ ಎಷ್ಟು, ಎರಡು ಎಂಜಿನ್ನಿನ ವಿಮಾನದ ತರಬೇತಿಯೂ ಇನ್‌ಸ್ಟ್ರುಮೆಂಟ್ ರೇಟಿಂಗೂ ಶುಲ್ಕದಲ್ಲಿ ಸೇರಿವೆಯೇ — ಇವೆಲ್ಲ ಲಿಖಿತವಾಗಿ ಬರಲಿ.

ಸ್ಥಳ ಸಾಲದಾಗಿರುವುದರಿಂದ ಉಳಿದುದನ್ನು ಚುಟುಕಾಗಿ ಹೇಳುತ್ತೇನೆ. ವಿದೇಶದಲ್ಲಿ ಕಲಿತವನು ಹಿಂದಿರುಗಿ ಇಲ್ಲಿಯ ಲೈಸೆನ್ಸಿಗೆ ಪುನಃ ಪರೀಕ್ಷೆ ಕೊಡಬೇಕು. ನೌಕರಿ ಖಾತ್ರಿ ಎಂದವರಿಂದ ಆ ಮಾತನ್ನು ಛಾಪಾಕಾಗದದ ಮೇಲೆ ಕೇಳಿರಿ. ಏರ್‌ಬಸ್, ಬೋಯಿಂಗ್‌ಗಳಿಗೆ ಬೇಕಾದ ಟೈಪ್ ರೇಟಿಂಗ್‌ನ ಖರ್ಚು ಲೈಸೆನ್ಸಿನ ಖರ್ಚಿನ ಮೇಲೆ ಬೇರೆಯಾಗಿ ಬರುವ ಲಕ್ಷಗಳು. ಬ್ಯಾಂಕಿಗೆ ಗದ್ದೆಯ ಪತ್ರ ಒಯ್ಯುವ ದಿನವೇ ಅದನ್ನೂ ಸಾಲದ ಅರ್ಜಿಯಲ್ಲಿ ಕಾಣಿಸಿರಿ.