ಟೈಮ್ ಟೇಬಲ್ ಇಲ್ಲದ ಮೊದಲ ವರ್ಷ

ಕಳೆದ ಸಂಚಿಕೆಯಲ್ಲಿ ಗೇಟ್ ಪರೀಕ್ಷೆ ಬಗ್ಗೆ ಬರೆದಿದ್ವಿ. ಸ್ಕೋರ್‌ಗೆ ಮೂರು ವರ್ಷ ವ್ಯಾಲಿಡಿಟಿ, ಯಾವ ಪೇಪರ್ ತಗೊಂಡ್ರೆ ಎಲ್ಲಿಗೆ ಅರ್ಜಿ ಹಾಕಬಹುದು, ಅದೆಲ್ಲಾ. ಓದಿದವರಲ್ಲಿ ಸುಮಾರು ಜನ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ಸೀಟು ಸಿಕ್ಕಿತು ಅಂತಾನೇ ಇಟ್ಕೊಳ್ಳೋಣ, ಆಮೇಲೆ ಅಲ್ಲಿ ಹೋಗಿ ಏನು ಮಾಡ್ತಾರೆ? ಪ್ರಶ್ನೆ ಸರಿಯಾಗಿದೆ. ಪ್ಲೇಸ್‌ಮೆಂಟ್ ಆದವರ ಮೊದಲ ವರ್ಷ ಹೇಗಿರತ್ತೆ ಅಂತ ನಮಗೆಲ್ಲಾ ಗೊತ್ತು, ಅವರೇ ಸ್ಟೇಟಸ್ ಹಾಕ್ತಾರೆ. ಪಿಎಚ್‌ಡಿಗೆ ಹೋದ ಸೀನಿಯರ್ ಮಾತ್ರ ಎರಡು ತಿಂಗಳಾದ ಮೇಲೆ ಗ್ರೂಪ್‌ನಲ್ಲೂ ಕಾಣಿಸಲ್ಲ.

ಹಾಗಾಗಿ ಈ ಸಲದ ಪಾಠ ಆ ಮೊದಲ ವರ್ಷದ ಬಗ್ಗೆ. ಮುಖ್ಯವಾಗಿ ನಮ್ಮ ದೇಶದಲ್ಲೇ ಪಿಎಚ್‌ಡಿ ಸೇರುವವರ ಬಗ್ಗೆ ಬರೀತೀವಿ, ಎಂ.ಟೆಕ್ ವಿಷಯ ನಡುವೆ ಬರತ್ತೆ. ಎಂ.ಟೆಕ್‌ನಲ್ಲಿ ಮೊದಲ ವರ್ಷ ಬಹುಮಟ್ಟಿಗೆ ಕ್ಲಾಸು, ಅಸೈನ್‌ಮೆಂಟು, ಪರೀಕ್ಷೆ. ಅಂದ್ರೆ ನಾವೀಗ ಮಾಡ್ತಿರೋದೇ, ಸ್ವಲ್ಪ ಜಾಸ್ತಿ. ನಿಜವಾದ ಬದಲಾವಣೆ ಇರೋದು ಪಿಎಚ್‌ಡಿಯಲ್ಲಿ.

ಏನದು ಬದಲಾವಣೆ? ನಮ್ಮ ಈಗಿನ ಜೀವನವನ್ನೇ ನೋಡಿ. ಸಿಲಬಸ್‌ನಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲ್‌ಗೆ ಎರಡು ಪ್ರಶ್ನೆ, ಒಂದನ್ನು ಬರೆದರೆ ಸಾಕು. ಹಳೇ ಪ್ರಶ್ನೆಪತ್ರಿಕೆ ಇದೆ, ಜೆರಾಕ್ಸ್ ಅಂಗಡಿಯಲ್ಲಿ ನೋಟ್ಸ್ ಇದೆ. ಪ್ರಶ್ನೆ ಎಷ್ಟೇ ಕಷ್ಟ ಇದ್ರೂ ಅದಕ್ಕೆ ಉತ್ತರ ಇದೆ, ಮತ್ತು ಆ ಉತ್ತರ ಯಾರಿಗೋ ಗೊತ್ತಿದೆ ಅನ್ನೋ ನಂಬಿಕೆ ಮೇಲೆ ನಾವು ಕೂತಿರ್ತೀವಿ. ಪಿಎಚ್‌ಡಿಯಲ್ಲಿ ಆ ನಂಬಿಕೆ ಹೋಗತ್ತೆ. ಕೋರ್ಸ್‌ವರ್ಕ್ ಮುಗಿದ ಮೇಲೆ ಟೈಮ್ ಟೇಬಲ್ ಇಲ್ಲ, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ಇಲ್ಲ, ಬೆಳಗ್ಗೆ ಒಂಬತ್ತಕ್ಕೆ ಎದ್ದರೂ ಹನ್ನೊಂದಕ್ಕೆ ಎದ್ದರೂ ಯಾರೂ ಕೇಳಲ್ಲ. ಕೇಳಕ್ಕೆ ಖುಷಿಯಾಗತ್ತೆ. ಆದ್ರೆ ಶಾಲೆಯಿಂದ ಇಲ್ಲಿವರೆಗೆ ರ‍್ಯಾಂಕ್ ತಗೊಂಡೇ ಬಂದವರು ಮೊದಲ ಸಲ ಕುಸಿಯೋದು ಇಲ್ಲೇ. ಮೂರು ತಿಂಗಳು ಕೆಲಸ ಮಾಡಿ ರಿಸಲ್ಟ್ ಬರಲಿಲ್ಲ ಅಂದ್ರೆ, ನಾನು ದಡ್ಡನಾ ಅಥವಾ ಪ್ರಶ್ನೇನೇ ಹಾಗಿದೆಯಾ ಅಂತ ಹೇಳಕ್ಕೆ ಮಾರ್ಕ್ಸ್ ಕಾರ್ಡ್ ಇರಲ್ಲ.

ಮಾರ್ಟಿನ್ ಶ್ವಾರ್ಟ್ಜ್ ಅನ್ನೋ ಜೀವಕೋಶ ವಿಜ್ಞಾನಿ 2008ರಲ್ಲಿ ಜರ್ನಲ್ ಆಫ್ ಸೆಲ್ ಸೈನ್ಸ್‌ನಲ್ಲಿ ಇದರ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಅವರ ಜೊತೆ ಪಿಎಚ್‌ಡಿ ಮಾಡ್ತಿದ್ದ ಗೆಳತಿಯೊಬ್ಬರು ಅರ್ಧಕ್ಕೆ ಬಿಟ್ಟು ಕಾನೂನು ಓದಿ ದೊಡ್ಡ ವಕೀಲೆ ಆದರು. ತುಂಬಾ ವರ್ಷದ ಮೇಲೆ ಸಿಕ್ಕಾಗ ಯಾಕೆ ಬಿಟ್ಟೆ ಅಂತ ಕೇಳಿದರೆ, ದಿನಾ ದಡ್ಡಿ ಅನ್ನಿಸ್ತಿತ್ತು, ಅದಕ್ಕೆ ಅಂದರಂತೆ. ಶ್ವಾರ್ಟ್ಜ್‌ಗೆ ಆಶ್ಚರ್ಯ ಆಗಿದ್ದು ಏನಂದ್ರೆ ಅವರಿಗೂ ದಿನಾ ಹಾಗೇ ಅನ್ನಿಸ್ತಿತ್ತು, ಅಭ್ಯಾಸ ಆಗಿಹೋಗಿತ್ತು ಅಷ್ಟೇ. ಅದೇ ಪ್ರಬಂಧದಲ್ಲಿ ಇನ್ನೊಂದು ಘಟನೆ ಇದೆ. ಮೂರನೇ ವರ್ಷದಲ್ಲಿದ್ದಾಗ ಅವರು ಒಂದು ಸಮಸ್ಯೆಯಲ್ಲಿ ಸಿಕ್ಕಿಹಾಕ್ಕೊಂಡು ಹೆನ್ರಿ ಟೌಬೆ ಅವರ ಹತ್ತಿರ ಹೋದರು. ಎರಡು ವರ್ಷದ ಮೇಲೆ, 1983ರಲ್ಲಿ, ರಸಾಯನಶಾಸ್ತ್ರದ ನೊಬೆಲ್ ಪಡೆದ ಟೌಬೆ ಅವರೇ. ತಮ್ಮದೇ ಕ್ಷೇತ್ರದ ಪ್ರಶ್ನೆ ಆಗಿದ್ರೂ ಟೌಬೆ, ನನಗೆ ಗೊತ್ತಿಲ್ಲ ಅಂದುಬಿಟ್ಟರು. ಅವರಿಗೇ ಗೊತ್ತಿಲ್ಲ ಅಂದ್ರೆ ಯಾರಿಗೂ ಗೊತ್ತಿಲ್ಲ, ಇನ್ನು ನಾನೇ ಹುಡುಕಬೇಕು ಅಂತ ಅರ್ಥ ಆದಮೇಲೆ ಶ್ವಾರ್ಟ್ಜ್ ಅದನ್ನು ಎರಡು ಮೂರು ದಿನದಲ್ಲಿ ಬಿಡಿಸಿದರಂತೆ. ಮೊದಲ ವರ್ಷದಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಇದೇ ಅಂತ ನಮಗೆ ಅನ್ನಿಸತ್ತೆ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋದು, ಹೇಳಿದ ಮೇಲೂ ಅಲ್ಲೇ ಕೂತಿರೋದು.

ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಇದು ಸುಲಭ ಅಂತ ಅಂದ್ಕೋಬೇಡಿ. ಇಂಗ್ಲಿಷ್‌ನಲ್ಲಿ ಉತ್ತರ ಹೇಳೋದು ನಮಗೆ ಚೆನ್ನಾಗಿ ಕಲಿಸಿದ್ದಾರೆ. ಪ್ರಶ್ನೆ ಕೇಳೋದನ್ನ ಯಾವ ಮೀಡಿಯಂನಲ್ಲೂ ಕಲಿಸಿಲ್ಲ.

ಇನ್ನು ಕೆಲಸದ ವಿಷಯಕ್ಕೆ ಬರೋಣ. ಮೊದಲ ದಿನ ಗೈಡ್ ಹತ್ತು ರಿಸರ್ಚ್ ಪೇಪರ್ ಕೊಟ್ಟು ಓದ್ಕೊಂಡು ಬಾ ಅಂತಾರೆ. ನಾವು ಟೆಕ್ಸ್ಟ್‌ಬುಕ್ ಥರ ಮೊದಲ ಸಾಲಿಂದ ಹೈಲೈಟರ್ ಹಿಡಿದು ಶುರು ಮಾಡಿದ್ರೆ ಎರಡನೇ ಪುಟದಲ್ಲಿ ಸತ್ತೆವು. ಇದಕ್ಕೆ ಒಂದು ಒಳ್ಳೇ ಪದ್ಧತಿ ಇದೆ. ಕಂಪ್ಯೂಟರ್ ನೆಟ್‌ವರ್ಕಿಂಗ್ ಪ್ರೊಫೆಸರ್ ಎಸ್. ಕೇಶವ್ 2007ರಲ್ಲಿ ಬರೆದಿದ್ದು. ಪೇಪರ್ ಓದೋದು ಹೇಗೆ ಅನ್ನೋದೇ ಆ ಪೇಪರ್‌ನ ವಿಷಯ! ಎರಡೇ ಪುಟ. ಅವರ ಪ್ರಕಾರ ಒಂದು ಪೇಪರನ್ನ ಮೂರು ಸುತ್ತಿನಲ್ಲಿ ಓದಬೇಕು.

ಮೊದಲ ಸುತ್ತು ಐದರಿಂದ ಹತ್ತು ನಿಮಿಷ. ಶೀರ್ಷಿಕೆ, ಅಬ್‌ಸ್ಟ್ರ್ಯಾಕ್ಟ್, ಪೀಠಿಕೆ, ಒಳಗಿನ ಉಪಶೀರ್ಷಿಕೆಗಳು, ಕೊನೆಯ ತೀರ್ಮಾನ. ಬೇರೇನೂ ಓದಬಾರದು. ರೆಫರೆನ್ಸ್ ಪಟ್ಟಿಯಲ್ಲಿ ನಿಮಗೆ ಮೊದಲೇ ಗೊತ್ತಿರೋದು ಯಾವುದಾದ್ರೂ ಇದ್ರೆ ಟಿಕ್ ಹಾಕಿ. ಇಷ್ಟರಲ್ಲಿ ಇದು ಯಾವ ಥರದ ಪೇಪರ್, ಯಾವ ಹಳೇ ಕೆಲಸದ ಮೇಲೆ ನಿಂತಿದೆ, ಇದರ ಹೊಸ ಕೊಡುಗೆ ಏನು ಅಂತ ಹೇಳಕ್ಕೆ ಬರಬೇಕು. ಬೇಡ ಅನ್ನಿಸಿದರೆ ಅಲ್ಲೇ ಬಿಡಬಹುದು, ಅದರಲ್ಲಿ ತಪ್ಪೇನಿಲ್ಲ. ಎರಡನೇ ಸುತ್ತಿಗೆ ಸುಮಾರು ಒಂದು ಗಂಟೆ. ಇಲ್ಲಿ ಚಿತ್ರ, ಗ್ರಾಫ್‌ಗಳನ್ನ ಗಮನ ಇಟ್ಟು ನೋಡ್ಬೇಕು. ಆಕ್ಸಿಸ್‌ಗೆ ಹೆಸರು ಇದೆಯಾ, ಎರರ್ ಬಾರ್ ಇದೆಯಾ? ಗಣಿತದ ಪ್ರೂಫ್‌ಗಳನ್ನ ಬಿಟ್ಟು ಮುಂದೆ ಹೋಗಿ. ಮೂರನೇ ಸುತ್ತು ನಿಜವಾದ ಸುತ್ತು. ಲೇಖಕರ ಜಾಗದಲ್ಲಿ ನಿಂತು ಅದೇ ಕೆಲಸವನ್ನ ತಲೆಯಲ್ಲೇ ಮತ್ತೆ ಕಟ್ಟೋದು. ಅವರು ಇಲ್ಲಿ ಯಾಕೆ ಹೀಗೆ ಮಾಡಿದರು, ನಾನಾಗಿದ್ರೆ ಏನು ಮಾಡ್ತಿದ್ದೆ ಅಂತ ಪ್ರತಿ ಹೆಜ್ಜೆಗೂ ಕೇಳೋದು. ಹೊಸಬರಿಗೆ ಇದಕ್ಕೆ ನಾಲ್ಕೈದು ಗಂಟೆ ಬೇಕು ಅಂತಾರೆ ಕೇಶವ್.

ನಾವು ಮೂವರು ಸೇರಿ ಲೈಬ್ರರಿಯಲ್ಲಿ ಒಂದು ಪೇಪರ್ ಮೇಲೆ ಇದನ್ನ ಮಾಡಿ ನೋಡಿದ್ವಿ. ಮೊದಲ ಸುತ್ತು ಹತ್ತು ನಿಮಿಷದಲ್ಲಿ ಮುಗೀತು. ಎರಡನೇದಕ್ಕೆ ಎರಡೂವರೆ ಗಂಟೆ ಮತ್ತು ಎರಡು ಸಲ ಟೀ. ಮೂರನೇದರ ಬಗ್ಗೆ ಈಗ ಮಾತಾಡೋದು ಬೇಡ. ಆದ್ರೆ ಮಿನಿ ಪ್ರಾಜೆಕ್ಟ್ ಮಾಡ್ತಿರೋರು ಮೊದಲ ಎರಡು ಸುತ್ತನ್ನ ಇವತ್ತೇ ಶುರು ಮಾಡಬಹುದು. ಇದಕ್ಕೆ ಗೇಟ್ ಸ್ಕೋರ್ ಬೇಕಿಲ್ಲ.

ಪೇಪರ್‌ಗಿಂತ ದೊಡ್ಡ ವಿಷಯ ಗೈಡ್. ಇಂಟರ್‌ವ್ಯೂ ಹೊತ್ತಿಗೇ ಗೈಡ್ ನಿಗದಿ ಆಗೋ ವಿಭಾಗಗಳಿವೆ, ಸೇರಿ ಕೆಲವು ತಿಂಗಳಾದ ಮೇಲೆ ಆರಿಸ್ಕೊಳ್ಳೋ ವಿಭಾಗಗಳೂ ಇವೆ. ಎರಡರಲ್ಲಿ ಯಾವುದು ಅಂತ ಮೊದಲೇ ಕೇಳಿ ತಿಳ್ಕೊಳ್ಳಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಪ್ರೊಫೆಸರ್ ಒಬ್ಬರು ಒಂದು ಕಾಲಕ್ಕೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಗೈಡ್ ಆಗಬಹುದು. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಅಂದ್ರೆ ನಮ್ಮ ಇಡೀ ಬಿ.ಇ.ಗಿಂತ ಜಾಸ್ತಿ ಸಮಯ ಒಬ್ಬರೇ ವ್ಯಕ್ತಿಯ ಕೈಕೆಳಗೆ. ಫೋನ್ ತಗೊಳ್ಳೋ ಮುಂಚೆ ಹತ್ತು ರಿವ್ಯೂ ನೋಡೋ ನಾವು ಗೈಡ್ ವಿಷಯದಲ್ಲಿ ವೆಬ್‌ಸೈಟ್‌ನ ಫೋಟೋ ನೋಡಿ ಸುಮ್ಮನಾಗ್ತೀವಿ.

ರಿವ್ಯೂ ಸಿಗೋ ಜಾಗ ಇದೆ. ಇನ್‌ಫ್ಲಿಬ್‌ನೆಟ್ ನಡೆಸೋ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಉಚಿತವಾಗಿ ಸಿಗ್ತವೆ, ಗೈಡ್ ಹೆಸರಿನಿಂದಲೂ ಹುಡುಕಬಹುದು. ಆ ಗೈಡ್ ಹತ್ತಿರ ಯಾರು ಯಾರು ಮುಗಿಸಿದ್ದಾರೆ, ಯಾವ ವಿಷಯದಲ್ಲಿ ಅಂತ ಅಲ್ಲಿ ಗೊತ್ತಾಗತ್ತೆ. ಬಿಟ್ಟುಹೋದವರ ಲೆಕ್ಕ ಅಲ್ಲಿ ಇರಲ್ಲ. ಅದನ್ನ ಲ್ಯಾಬ್‌ನಲ್ಲಿ ಈಗ ಇರೋ ವಿದ್ಯಾರ್ಥಿಗಳನ್ನೇ ಕೇಳಬೇಕು, ಅದೂ ಗೈಡ್ ಇಲ್ಲದಾಗ, ಕ್ಯಾಂಟೀನ್‌ನಲ್ಲಿ. ವಾರಕ್ಕೆ ಎಷ್ಟು ಸಲ ಭೇಟಿ ಆಗ್ತಾರೆ? ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರತ್ತೆ? ರಜೆ ಕೇಳಿದ್ರೆ ಏನಂತಾರೆ? ಉತ್ತರಕ್ಕಿಂತ ಉತ್ತರ ಕೊಡೋ ಮುಂಚೆ ಅವರು ಎಷ್ಟು ಹೊತ್ತು ಯೋಚನೆ ಮಾಡ್ತಾರೆ ಅನ್ನೋದನ್ನ ನೋಡಿ.

ಈಗ ಇಷ್ಟಾದ್ರೂ ಕೇಳೋ ಅವಕಾಶ ಇದೆ. ನಮ್ಮ ಬೆಂಗಳೂರಲ್ಲೇ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನೋ ಐಐಎಸ್‌ಸಿಯಲ್ಲಿ, 1933ರಲ್ಲಿ ಏನಾಯ್ತು ನೋಡಿ. ಬಾಂಬೆಯಿಂದ ಬಿ.ಎಸ್ಸಿ. ಮುಗಿಸಿ ಒಳ್ಳೇ ರ‍್ಯಾಂಕ್ ತಗೊಂಡ ಕಮಲಾ ಭಾಗವತ್ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಹೆಣ್ಣು ಅನ್ನೋ ಕಾರಣಕ್ಕೆ ಸೀಟು ಇಲ್ಲ ಅಂದರು. ಕಮಲಾ ವಾಪಸ್ ಹೋಗಲಿಲ್ಲ, ಎದುರಿಗೇ ಹೋಗಿ ಕಾರಣ ಕೇಳಿದರು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಒಂದು ವರ್ಷ ಪ್ರೊಬೇಷನ್, ಕೆಲಸ ರಾಮನ್‌ಗೆ ಒಪ್ಪಿಗೆ ಆದ್ರೆ ಮಾತ್ರ ಮುಂದೆ ರೆಗ್ಯುಲರ್. ಅವರ ಗೈಡ್ ಎಂ. ಶ್ರೀನಿವಾಸಯ್ಯ. ಅವರ ಲ್ಯಾಬ್‌ನಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದರು. ವರ್ಷ ಮುಗಿದ ಮೇಲೆ ರಾಮನ್ ಒಪ್ಪಿದರು, ಆಮೇಲೆ ಹೆಣ್ಣುಮಕ್ಕಳಿಗೆ ಆ ಸಂಸ್ಥೆಯ ಬಾಗಿಲು ತೆರೀತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮುಗಿಸಿದರು. ಮದುವೆ ಆದಮೇಲಿನ ಹೆಸರು ಕಮಲಾ ಸೊಹೋನಿ. ಆ ಥೀಸಿಸ್ ಸುಮಾರು 40 ಪುಟ ಅಂತೆ. ಥೀಸಿಸ್‌ಗೆ ಕನ್ನಡದಲ್ಲಿ ಮಹಾಪ್ರಬಂಧ ಅಂತಾರೆ, ಆ ಪದ ನೋಡಿ ಹೆದರಿದವರಿಗೆ ಈ ಮಾಹಿತಿ.

ನಿಯಮಗಳನ್ನ ಬೇಗ ಮುಗಿಸ್ತೀವಿ. ಯುಜಿಸಿ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಪಾಸ್ ಆಗಲು 55 ಪರ್ಸೆಂಟ್ ಅಥವಾ ಅದಕ್ಕೆ ಸಮನಾದ ಗ್ರೇಡ್. ಸಂಶೋಧನೆಯ ನೀತಿ ಬಗ್ಗೆ ಒಂದು ಪೇಪರ್ ಇರತ್ತೆ, ಅದನ್ನ ಹಗುರವಾಗಿ ತಗೋಬೇಡಿ. ನಾವು ಲ್ಯಾಬ್ ರೆಕಾರ್ಡ್ ಕಾಪಿ ಹೊಡೆಯೋ ಹಾಗೆ ಅಲ್ಲಿ ಹೊಡೆದರೆ ಡಿಗ್ರಿನೇ ಹೋಗಬಹುದು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಪರ್ಸೆಂಟ್ ಇದ್ದವರು ಎಂ.ಟೆಕ್ ಇಲ್ಲದೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಐಐಟಿಗಳಲ್ಲಿ ಅವರದೇ ನಿಯಮಪುಸ್ತಕ ಇರತ್ತೆ, ಸೇರೋ ಮೊದಲೇ ತರಿಸಿ ಓದಿ.

ದುಡ್ಡಿನ ವಿಷಯ ಯಾರೂ ಬಾಯಿಬಿಡಲ್ಲ, ನಾವು ಬಿಡ್ತೀವಿ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ಎಐಸಿಟಿಇ ಸ್ಕಾಲರ್‌ಶಿಪ್ ತಿಂಗಳಿಗೆ 12,400 ರೂಪಾಯಿ. ಪಿಎಚ್‌ಡಿಯ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷ ಆಗಿ ಮೌಲ್ಯಮಾಪನ ದಾಟಿದ ಮೇಲೆ 42,000. ಹಾಸ್ಟೆಲ್ ಕೊಡದಿದ್ರೆ ಮನೆ ಬಾಡಿಗೆ ಭತ್ಯೆ ಬೇರೆ. ಒಬ್ಬರೇ ಇದ್ರೆ ಸಾಕಾಗತ್ತೆ. ಆದ್ರೆ ಎಜುಕೇಷನ್ ಲೋನ್ ಇದ್ರೆ, ತಂಗಿ ಫೀಸ್ ನೀವೇ ಕಟ್ಟಬೇಕಿದ್ರೆ, ಲೆಕ್ಕ ಬೇರೆ. ಫೆಲೋಶಿಪ್ ಇಲ್ಲದೆ ಪಿಎಚ್‌ಡಿ ಮಾಡೋರೂ ತುಂಬಾ ಇದ್ದಾರೆ. ಸೀಟು ಕೊಟ್ಟ ತಕ್ಷಣ ಮೊದಲು ಕೇಳಬೇಕಾದ ಪ್ರಶ್ನೆ, ಫೆಲೋಶಿಪ್ ಇದೆಯಾ, ಎಷ್ಟು ವರ್ಷಕ್ಕೆ, ಯಾವ ತಿಂಗಳಿಂದ ಅಂತ. ಜಾಯಿನ್ ಆದ ಮೊದಲ ತಿಂಗಳೇ ಅಕೌಂಟ್‌ಗೆ ಬರತ್ತೆ ಅಂತ ನಂಬ್ಕೊಂಡು ಹೋಗಬೇಡಿ. ಕಾಗದಪತ್ರ ಓಡಾಡಿ ಬರೋಷ್ಟರಲ್ಲಿ ಎರಡು ಮೂರು ತಿಂಗಳು ಆದ ಉದಾಹರಣೆ ನಮ್ಮ ಸೀನಿಯರ್‌ಗಳಲ್ಲೇ ಇದೆ. ಅಷ್ಟು ತಿಂಗಳ ಮೆಸ್ ಬಿಲ್ ಕೈಯಲ್ಲಿರಲಿ. ಮನೆಯಲ್ಲೂ ಇದನ್ನ ಮೊದಲೇ ಹೇಳಿಬಿಡಿ. ನಿಮ್ಮ ರೂಮ್‌ಮೇಟ್ ಕಂಪನಿ ಸೇರಿ ಕಾರ್ ಬುಕ್ ಮಾಡಿದಾಗ ಅಪ್ಪ ಅಮ್ಮನಿಗೆ ಸಂಬಂಧಿಕರು ಕೇಳೋ ಪ್ರಶ್ನೆಗೆ ಉತ್ತರ ಬೇಕಾಗತ್ತೆ.

ದೂರ ಹೋಗೋರ ಕಷ್ಟ ಇನ್ನೊಂದು. ತುಮಕೂರಿಂದ ಖರಗ್‌ಪುರಕ್ಕೆ ಹೋದವರಿಗೆ ಊಟದಿಂದ ಹಿಡಿದು ಹಿಂದಿವರೆಗೆ ಎಲ್ಲಾ ಹೊಸದು. ನಂಜನಗೂಡಿನ ರಾಜೇಶ್ವರಿ 1947ರಲ್ಲಿ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಒಬ್ಬರೇ ಹಡಗು ಹತ್ತಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಪ್ರಯಾಣವೇ ಸುಮಾರು ಒಂದು ತಿಂಗಳು. ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್, ಆಮೇಲೆ ಎಂಟು ತಿಂಗಳ ಪ್ರಾಯೋಗಿಕ ತರಬೇತಿ, ಆಮೇಲೆ ಪಿಎಚ್‌ಡಿ. 1953ರಲ್ಲಿ ವಾಪಸ್ ಬಂದು ಐಐಎಸ್‌ಸಿಯಲ್ಲಿ ಮೇಷ್ಟ್ರಾದರು, ಮೈಕ್ರೋವೇವ್ ಮತ್ತು ಆಂಟೆನಾ ಕಲಿಸಿದರು. ಅವರೇ ರಾಜೇಶ್ವರಿ ಚಟರ್ಜಿ. ಅವರಿಗೆ ವಿಡಿಯೋ ಕಾಲ್ ಇರಲಿಲ್ಲ, ನಮಗಿದೆ. ಆದ್ರೂ ಕಾಲ್‌ನಲ್ಲಿ ಎಲ್ಲಾ ಚೆನ್ನಾಗಿದೆ ಅಮ್ಮ ಅಂತಾನೇ ಹೇಳೋದಲ್ವಾ?

ಚೆನ್ನಾಗಿಲ್ಲ ಅನ್ನೋ ದಿನ ವಾರಗಟ್ಟಲೆ ಮುಂದುವರಿದ್ರೆ, ನಿದ್ದೆ ಊಟ ಕೆಟ್ಟರೆ, ಕ್ಯಾಂಪಸ್ ಕೌನ್ಸೆಲರ್ ಹತ್ತಿರ ಹೋಗಿ. ಅಲ್ಲಿ ಹೋಗಕ್ಕೆ ಮುಜುಗರ ಆದ್ರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ನಮಗೂ ಈಗಲೇ ಉಪಯೋಗ, ಪಿಎಚ್‌ಡಿವರೆಗೆ ಕಾಯಬೇಕಿಲ್ಲ.

ಮುಂದಿನ ಸಂಚಿಕೆಯಲ್ಲಿ ಪಿಎಚ್‌ಡಿ ಇಂಟರ್‌ವ್ಯೂನಲ್ಲಿ ಏನೇನು ಕೇಳ್ತಾರೆ ಅಂತ ಬರೀತೀವಿ. ನಿಮ್ಮ ಪ್ರಶ್ನೆಗಳನ್ನ ಚೀಟಿಯಲ್ಲಿ ಬರೆದು ಲೈಬ್ರರಿ ಬಾಗಿಲ ಹತ್ತಿರದ ಸಂಘದ ಡಬ್ಬಿಗೆ ಹಾಕಿ, ಹೆಸರು ಬೇಕಾಗಿಲ್ಲ.